ಮೊಲೊಕಾಯ್ ದ್ವೀಪದ ದಾದಿ ಸಂತ ಮರಿಯಾನ್ ಕೋಪ್

ಜನವರಿ ತಿಂಗಳ ಕೊನೆಯ ಭಾನುವಾರ ವಿಶ್ವ ಕುಷ್ಠರೋಗ ದಿನ. ನಮ್ಮ ದೇಶದಲ್ಲಿ ಗಾಂಧೀಜಿಯವರು ಹುತಾತ್ಮರಾದ ಜನವರಿ 30ರಂದು ಇದನ್ನು ಆಚರಿಸುವ ರೂಢಿಯಿದೆ. ಆ ವಾರ ನಮ್ಮ ಇಗರ್ಜಿಗಳ ಪ್ರವಚನಗಳಲ್ಲಿ ಫಾದರ್ ಡೇಮಿಯನ್ ಅವರ ಹೆಸರು ಕೇಳಿಬರುವುದುಂಟು. ಆದರೆ ಅದಕ್ಕೂ ಮೊದಲೇ, ಜನವರಿ 23ರಂದು, ಅದೇ ಮೊಲೊಕಾಯ್ ದ್ವೀಪದಲ್ಲಿ 30 ವರ್ಷ ರೋಗಿಗಳ ಸೇವೆ ಮಾಡಿದ ಧರ್ಮಭಗಿನಿಯೊಬ್ಬರ ಹಬ್ಬ ಸದ್ದಿಲ್ಲದೆ ಕಳೆದುಹೋಗಿರುತ್ತದೆ. ಅವರೇ ಸಂತ ಮರಿಯಾನ್ ಕೋಪ್. ಡೇಮಿಯನ್ ಅವರನ್ನು ಬಲ್ಲ ನಮ್ಮಲ್ಲಿ ಅನೇಕರಿಗೆ ಇವರ ಪರಿಚಯವಿಲ್ಲ. ರೋಗಿಗಳ ಹಾಸಿಗೆಯ ಪಕ್ಕ ಕೆಲಸ ಮಾಡುವ ನಮ್ಮ ಸಿಸ್ಟರ್‌ಗಳು, ನರ್ಸ್‌ಗಳು ಮತ್ತು ಮನೆಯಲ್ಲಿ ಹಿರಿಯರ ಹುಣ್ಣು ತೊಳೆಯುವ ಸೊಸೆ ಮಕ್ಕಳು ಇವರನ್ನು ತಿಳಿದಿರಬೇಕು ಎಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಅವರ ಹುಟ್ಟುಹೆಸರು ಬಾರ್ಬರಾ ಕೋಬ್. ಜರ್ಮನಿಯ ಹೆಪ್ಪನ್‌ಹೈಮ್ ಎಂಬ ಊರಿನಲ್ಲಿ 1838ರ ಜನವರಿ 23ರಂದು ಜನನ. ಮರುವರ್ಷವೇ ಕುಟುಂಬ ಅಮೆರಿಕಕ್ಕೆ ವಲಸೆ ಹೋಗಿ ನ್ಯೂಯಾರ್ಕ್ ರಾಜ್ಯದ ಯೂಟಿಕಾ ಪಟ್ಟಣದಲ್ಲಿ ನೆಲೆಸಿತು. ಅಲ್ಲಿ ಕೋಬ್ ಎಂಬುದು ಜನರ ಬಾಯಲ್ಲಿ ಕೋಪ್ ಆಯಿತು. ಎಂಟನೆಯ ತರಗತಿ ಮುಗಿಯುವಷ್ಟರಲ್ಲಿ ತಂದೆ ಕಾಯಿಲೆ ಬಿದ್ದರು. ಹಿರಿಯ ಮಕ್ಕಳಲ್ಲಿ ಒಬ್ಬಳಾದ ಬಾರ್ಬರಾ ಬಟ್ಟೆ ಗಿರಣಿಗೆ ದುಡಿಯಲು ಹೋದಳು. ಕನ್ಯಾಮಠ ಸೇರುವ ಆಸೆ ಚಿಕ್ಕಂದಿನಿಂದಲೂ ಇತ್ತು. ಆದರೆ ತಮ್ಮ ತಂಗಿಯರು ದೊಡ್ಡವರಾಗುವ ತನಕ ಆಸೆಯನ್ನು ಪಕ್ಕಕ್ಕಿಟ್ಟು ವರ್ಷಗಟ್ಟಲೆ ದುಡಿದಳು. 1862ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ, 24ನೇ ವಯಸ್ಸಿನಲ್ಲಿ, ಸಿರಾಕ್ಯೂಸ್ ನಗರದ ಸಂತ ಫ್ರಾನ್ಸಿಸರ ಮೂರನೇ ಸಭೆಯ ಭಗಿನಿಯರ ಮಠವನ್ನು ಸೇರಿ ಮರಿಯಾನ್ ಎಂಬ ಹೆಸರು ಪಡೆದರು.

ಮೊದಲು ಅವರನ್ನು ಜರ್ಮನ್ ವಲಸೆಗಾರರ ಮಕ್ಕಳಿಗೆ ಪಾಠ ಹೇಳಲು ನೇಮಿಸಿದರು. ಆದರೆ ಅವರ ನಿಜವಾದ ಶಾಲೆ ಆಸ್ಪತ್ರೆಯಾಯಿತು. ಯೂಟಿಕಾದಲ್ಲಿ 1866ರಲ್ಲಿ ಸಂತ ಎಲಿಜಬೆತ್ ಆಸ್ಪತ್ರೆ, ಸಿರಾಕ್ಯೂಸ್‌ನಲ್ಲಿ 1869ರಲ್ಲಿ ಸಂತ ಜೋಸೆಫರ ಆಸ್ಪತ್ರೆ ಆರಂಭವಾದಾಗ ಅದರ ಹಿಂದಿದ್ದವರಲ್ಲಿ ಇವರೂ ಒಬ್ಬರು. ಸಂತ ಜೋಸೆಫರ ಆಸ್ಪತ್ರೆ ತೆರೆದದ್ದು ಮೊದಲು ನೃತ್ಯಶಾಲೆಯೂ ಮದ್ಯದಂಗಡಿಯೂ ಆಗಿದ್ದ ಕಟ್ಟಡದಲ್ಲಿ! 1870ರಿಂದ ಏಳು ವರ್ಷ ಮರಿಯಾನ್ ಅದರ ಆಡಳಿತ ನೋಡಿಕೊಂಡರು. ಬಣ್ಣ, ಮತ, ದೇಶ ಯಾವುದನ್ನೂ ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳುವುದು ಅಲ್ಲಿನ ನಿಯಮವಾಗಿತ್ತು. ಕುಡುಕರಿಗೂ ಹಾಸಿಗೆ ಕೊಡುತ್ತಾರೆ ಎಂದು ಊರಿನ ಗೌರವಸ್ಥರು ದೂರಿದರೂ ಆ ನಿಯಮ ಬದಲಾಗಲಿಲ್ಲ.

ಆ ದಿನಗಳ ಒಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ನಗರಕ್ಕೆ ವೈದ್ಯಕೀಯ ಕಾಲೇಜು ಬಂದಾಗ ಅದರ ವಿದ್ಯಾರ್ಥಿಗಳು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡಿ ಕಲಿಯಲು ಮರಿಯಾನ್ ಒಪ್ಪಿಕೊಂಡರು. ಆದರೆ ಒಂದು ಷರತ್ತು ಹಾಕಿದರು. ವಿದ್ಯಾರ್ಥಿಗಳ ಮುಂದೆ ತನ್ನ ಮೈ ತೋರಿಸಲು ಇಷ್ಟವಿಲ್ಲದ ರೋಗಿ ಬೇಡವೆನ್ನಬಹುದು, ಯಾರೂ ಬಲವಂತ ಮಾಡುವಂತಿಲ್ಲ. ಧರ್ಮಾರ್ಥವಾಗಿ ಚಿಕಿತ್ಸೆ ಪಡೆಯುವ ಬಡವನಿಗೂ ತನ್ನ ಚರ್ಮದ ಮೇಲೆ ತನಗೇ ಹಕ್ಕಿದೆ ಎಂದು 19ನೇ ಶತಮಾನದಲ್ಲಿ ಹೇಳುವುದು ಸಣ್ಣ ಮಾತಲ್ಲ. ಇಂದು ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನಮಗೆ ಅದು ಬರೀ ಕಾಗದವಾಗಿ ಕಾಣುತ್ತದೆ.

1877ರಲ್ಲಿ ಭಗಿನಿಯರು ಅವರನ್ನು ತಮ್ಮ ಸಭೆಯ ಮೇಲಧಿಕಾರಿಣಿಯಾಗಿ ಆರಿಸಿದರು. 1883ರಲ್ಲಿ ಬಂದ ಒಂದು ಪತ್ರ ಅವರ ಬದುಕಿನ ದಿಕ್ಕನ್ನೇ ಬದಲಾಯಿಸಿತು. ಹವಾಯಿ ಆಗ ಸ್ವತಂತ್ರ ರಾಜ್ಯ, ಕಲಾಕೌವಾ ಅದರ ಅರಸ. ಕುಷ್ಠರೋಗಿಗಳನ್ನು ನೋಡಿಕೊಳ್ಳಲು ಭಗಿನಿಯರನ್ನು ಕಳುಹಿಸಿ ಎಂದು ಅರಸನ ಪರವಾಗಿ ಫಾದರ್ ಲಿಯೊನೋರ್ ಫುಯೆನೆಲ್ ಎಂಬ ಗುರುಗಳು ಬರೆದಿದ್ದರು. ಅದಕ್ಕೆ ಮೊದಲು ಐವತ್ತಕ್ಕೂ ಹೆಚ್ಚು ಸಭೆಗಳು ಆಗುವುದಿಲ್ಲ ಎಂದಿದ್ದವು. ಮರಿಯಾನ್ ತಮ್ಮ ಭಗಿನಿಯರ ಮುಂದೆ ವಿಷಯವಿಟ್ಟಾಗ 35 ಮಂದಿ ಹೋಗಲು ಸಿದ್ಧರಾದರು. ಆರು ಮಂದಿಯನ್ನು ಆರಿಸಿ ತಾವೇ ಕರೆದುಕೊಂಡು ಹೊರಟರು. ಅವರನ್ನು ನೆಲೆಗೊಳಿಸಿ ಕೆಲವೇ ದಿನಗಳಲ್ಲಿ ಮರಳುವುದು ಅವರ ಲೆಕ್ಕವಾಗಿತ್ತು. 1883ರ ನವೆಂಬರ್ 8ರಂದು ಹಡಗು ಹೊನೊಲುಲು ಬಂದರನ್ನು ಮುಟ್ಟಿತು. ಆಗ ಅವರಿಗೆ 45 ವರ್ಷ. ಸಿರಾಕ್ಯೂಸ್ ನಗರವನ್ನು ಅವರು ಮತ್ತೆ ನೋಡಲೇ ಇಲ್ಲ.

ಮೊದಲ ಕೆಲಸ ಹೊನೊಲುಲು ನಗರದ ಅಂಚಿನ ಕಾಕಾಕೊ ಆಸ್ಪತ್ರೆಯಲ್ಲಿ. ಕುಷ್ಠರೋಗವಿದೆ ಎಂಬ ಅನುಮಾನ ಬಂದವರನ್ನೆಲ್ಲ ಎಲ್ಲ ದ್ವೀಪಗಳಿಂದಲೂ ಹಿಡಿದು ತಂದು ಇಲ್ಲಿ ಇಡುತ್ತಿದ್ದರು. ರೋಗ ಖಚಿತವಾದವರನ್ನು ಹಡಗು ಹತ್ತಿಸಿ ಮೊಲೊಕಾಯ್‌ಗೆ ಕಳುಹಿಸುವುದು 1865ರ ಕಾಯ್ದೆಯ ಕ್ರಮ. 1866ರಿಂದ ಆರಂಭವಾದ ಈ ಗಡೀಪಾರು ನೂರು ವರ್ಷಗಳಲ್ಲಿ ಸುಮಾರು 8,000 ಮಂದಿಯನ್ನು ಮನೆಯಿಂದ ಕಿತ್ತುಕೊಂಡಿತು. ಹೋದವರು ಬರುತ್ತಿರಲಿಲ್ಲ. ಹೆಂಡತಿಯಿಂದ ಗಂಡ, ತಾಯಿಯಿಂದ ಮಗು ಬೇರೆಯಾಗುತ್ತಿದ್ದುದು ಚರ್ಮದ ಮೇಲಿನ ಒಂದು ಮಚ್ಚೆಯ ಕಾರಣಕ್ಕೆ.

ನೂರು ಮಂದಿಗೆಂದು ಕಟ್ಟಿದ ಕಾಕಾಕೊದಲ್ಲಿ ಇನ್ನೂರಕ್ಕೂ ಹೆಚ್ಚು ರೋಗಿಗಳಿದ್ದರು. ನೆಲ, ಗೋಡೆ, ಹಾಸಿಗೆ ಎಲ್ಲವೂ ಹೊಲಸಾಗಿದ್ದವು. ಭಗಿನಿಯರು ಮೊದಲು ಕೈಗೆತ್ತಿಕೊಂಡದ್ದು ಪೊರಕೆ, ಬಕೆಟ್ ಮತ್ತು ಸಾಬೂನು. ಗೋಡೆ ನೆಲಗಳನ್ನು ಉಜ್ಜಿ ತೊಳೆದರು, ಆಮೇಲೆ ರೋಗಿಗಳ ಹುಣ್ಣುಗಳನ್ನು ತೊಳೆದು, ಮುಲಾಮು ಹಚ್ಚಿ, ಶುಭ್ರವಾದ ಬಟ್ಟೆಯ ಪಟ್ಟಿ ಕಟ್ಟಿದರು. ಮರುದಿನ ಮತ್ತೆ ಅದೇ ಕೆಲಸ.

ಕುಷ್ಠರೋಗದಲ್ಲಿ ಹುಣ್ಣು ಏಕೆ ಆಗುತ್ತದೆ ಎಂಬುದನ್ನು ತಿಳಿದರೆ ಈ ಕೆಲಸದ ಬೆಲೆ ತಿಳಿಯುತ್ತದೆ. ರೋಗಾಣು ಕೈಬೆರಳನ್ನು ತಿನ್ನುವುದಿಲ್ಲ. ಅದು ಚರ್ಮಕ್ಕೆ ಸ್ಪರ್ಶ ಕೊಡುವ ನರಗಳನ್ನು ಕೆಡಿಸುತ್ತದೆ. ಬಿಸಿ ಪಾತ್ರೆ ಮುಟ್ಟಿದರೆ ಸುಡುವುದು ಗೊತ್ತಾಗುವುದಿಲ್ಲ, ಕಾಲಿಗೆ ಮುಳ್ಳು ಹೊಕ್ಕರೂ ನೋವಿಲ್ಲ. ನೋವಿಲ್ಲದ ಗಾಯವನ್ನು ಯಾರು ನೋಡಿಕೊಳ್ಳುತ್ತಾರೆ? ಅದು ಕೀವಾಗಿ, ಎಲುಬಿಗೆ ಇಳಿದು, ಕೊನೆಗೆ ಬೆರಳು ಹೋಗುತ್ತದೆ. ಬೆವರು ನಿಂತ ಚರ್ಮ ಒಣಗಿ ಬಿರಿಯುತ್ತದೆ. ಹಾಗಾಗಿ ದಿನವೂ ಕಾಲನ್ನು ನೋಡುವುದು, ನೀರಿನಲ್ಲಿ ನೆನೆಸಿ ಎಣ್ಣೆ ಸವರುವುದು, ಗಾಯವಾದರೆ ತೊಳೆದು ಕಟ್ಟಿ ಕಾಲಿಗೆ ವಿಶ್ರಾಂತಿ ಕೊಡುವುದು ಇಂದಿಗೂ ಕುಷ್ಠರೋಗದ ಶುಶ್ರೂಷೆಯ ಮುಖ್ಯ ಭಾಗ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೂ ಹೆಚ್ಚುಕಡಿಮೆ ಇದೇ ಆರೈಕೆ ಬೇಕು. ಅಂಥವರು ನಮ್ಮ ಪ್ರತಿ ವಾಳೆಯಲ್ಲಿಯೂ ಇದ್ದಾರೆ.

ಕಾಕಾಕೊದಲ್ಲಿ ಸರಕಾರ ನೇಮಿಸಿದ್ದ ಮೇಲ್ವಿಚಾರಕನೊಬ್ಬ ರೋಗಿಗಳನ್ನು ಹಿಂಸಿಸುತ್ತಿದ್ದ. ಇವನು ಹೋಗಬೇಕು, ಇಲ್ಲವೇ ಭಗಿನಿಯರು ಹೋಗುತ್ತಾರೆ ಎಂದು ಮದರ್ ಮರಿಯಾನ್ ಸರಕಾರಕ್ಕೆ ಖಡಾಖಂಡಿತವಾಗಿ ತಿಳಿಸಿದರು. ಅವನು ಹೋದ, ಆಸ್ಪತ್ರೆಯ ಪೂರ್ಣ ಹೊಣೆ ಮದರ್ ಕೈಗೆ ಬಂತು. ಮೃದು ಸ್ವಭಾವದವರು ಎಂದು ಅವರ ಜೊತೆಗಿದ್ದವರೆಲ್ಲ ನೆನೆದಿದ್ದಾರೆ, ಆದರೆ ರೋಗಿಯ ಮೇಲೆ ಕೈ ಮಾಡಿದವನ ಮುಂದೆ ಆ ಮೃದುತನ ಇರಲಿಲ್ಲ. 1885ರಲ್ಲಿ ರೋಗಿಗಳ ಆರೋಗ್ಯವಂತ ಹೆಣ್ಣುಮಕ್ಕಳಿಗಾಗಿ ಕಪಿಯೊಲಾನಿ ರಾಣಿಯ ಹೆಸರಿನ ಒಂದು ಮನೆ ತೆರೆಯಿತು. ರೋಗಿಗಳ ಮಕ್ಕಳನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ರೋಗ ಇದೆಯೋ ಇಲ್ಲವೋ ಎಂದು ಆಗ ಹೇಗೆ ಪರೀಕ್ಷಿಸುತ್ತಿದ್ದರು? ನಾರ್ವೆ ದೇಶದ ಡಾಕ್ಟರ್ ಹ್ಯಾನ್ಸನ್ 1873ರಲ್ಲೇ ರೋಗಾಣುವನ್ನು ಕಂಡಿದ್ದರು. ಆದರೆ ಹಡಗು ಹತ್ತಿಸುವ ತೀರ್ಮಾನ ಹೆಚ್ಚಾಗಿ ವೈದ್ಯರ ಕಣ್ಣಿನ ಮೇಲೆ ನಿಂತಿತ್ತು. ದಪ್ಪಗಾದ ಕಿವಿ, ಉದುರಿದ ಹುಬ್ಬು, ಮಡಚಿದ ಬೆರಳು ಇದ್ದರೆ ತಿಳಿಯುವುದು ಸುಲಭ. ಬರೀ ಒಂದು ಬಿಳಿಚಿದ ಮಚ್ಚೆ ಇದ್ದರೆ? ಅದು ಸಿಬ್ಬು ಆಗಿರಬಹುದು, ಹುಳುಕಡ್ಡಿ ಆಗಿರಬಹುದು, ತೊನ್ನು ಆಗಿರಬಹುದು. ಇವುಗಳನ್ನು ಕುಷ್ಠದಿಂದ ಬೇರ್ಪಡಿಸುವ ಗುರುತು ಸ್ಪರ್ಶ. ಫಾದರ್ ಡೇಮಿಯನ್ ಅವರಿಗೆ ಅದು ತಿಳಿದದ್ದು 1884ರ ಕೊನೆಯಲ್ಲಿ. ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟರೂ ಅವರಿಗೆ ಉರಿ ಗೊತ್ತಾಗಲಿಲ್ಲ. ಚರ್ಮ ಮಾತ್ರ ಸುಟ್ಟಿತ್ತು.

ಈಗ ಆರೋಗ್ಯ ಕೇಂದ್ರದಲ್ಲಿ ಇದನ್ನೇ ಅಪಾಯವಿಲ್ಲದೆ ಮಾಡುತ್ತಾರೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದಲೋ ಪೆನ್ನಿನ ತುದಿಯಿಂದಲೋ ಮಚ್ಚೆಯನ್ನು ಮುಟ್ಟಿ, ಮುಟ್ಟಿದ್ದು ಎಲ್ಲಿ ಎಂದು ತೋರಿಸಲು ಹೇಳುತ್ತಾರೆ. ಮೊಣಕೈಯ ಹಿಂದಿನ ನರ ದಪ್ಪವಾಗಿದೆಯೇ ಎಂದು ಬೆರಳಿನಿಂದ ನೋಡುತ್ತಾರೆ. ಬೇಕಾದರೆ ಕಿವಿಯ ಹಾಲೆಯಲ್ಲಿ ಸಣ್ಣ ಗೀರು ಹಾಕಿ, ಬಂದ ದ್ರವವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನು ಹುಡುಕುತ್ತಾರೆ. ಸೂಜಿಯಿಂದ ಮುಂಗೈಗೆ ಚುಚ್ಚಿ ಮೂರು ನಾಲ್ಕು ವಾರ ಕಾದು ನೋಡುವ ಲೆಪ್ರೊಮಿನ್ ಪರೀಕ್ಷೆಯನ್ನು ಜಪಾನಿನ ಡಾಕ್ಟರ್ ಮಿತ್ಸುದಾ 1919ರಲ್ಲಿ ಪ್ರಕಟಿಸಿದರು. ಅದು ರೋಗವಿದೆ ಎಂದು ಹೇಳುವ ಪರೀಕ್ಷೆಯಲ್ಲ, ರೋಗವನ್ನು ತಡೆಯುವ ಶಕ್ತಿ ಮೈಯಲ್ಲಿ ಎಷ್ಟಿದೆ ಎಂದು ಅಂದಾಜು ಕೊಡುವಂಥದ್ದು. ಸ್ಪರ್ಶವಿಲ್ಲದ ಮಚ್ಚೆ ಕಂಡವರು ನಾಚಿಕೆಪಡದೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಬಹು ಔಷಧ ಚಿಕಿತ್ಸೆ ಅಲ್ಲಿ ಉಚಿತ, ಆರು ಅಥವಾ ಹನ್ನೆರಡು ತಿಂಗಳಲ್ಲಿ ಮುಗಿಯುತ್ತದೆ.

ಚರ್ಮದ ಮೇಲೆ ನಡೆದ ಇನ್ನೊಂದು ಬಗೆಯ ಪರೀಕ್ಷೆಯ ಕಥೆಯೂ ಆ ಕಾಲದ ಹೊನೊಲುಲುವಿನದೇ. ಜರ್ಮನಿಯಿಂದ ಬಂದಿದ್ದ ಡಾಕ್ಟರ್ ಎಡ್ವರ್ಡ್ ಆರ್ನಿಂಗ್ ಅಲ್ಲಿ ಸಂಶೋಧನೆ ಮಾಡುತ್ತಿದ್ದರು. 1884ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕಿಯಾನು ಎಂಬ ಕೈದಿಗೆ, ಪ್ರಾಣ ಉಳಿಸುವ ಬದಲಿಗೆ, ಕುಷ್ಠರೋಗಿಯ ಮೈಯಿಂದ ತೆಗೆದ ಗಂಟಿನ ತುಣುಕನ್ನು ತೋಳಿನ ಚರ್ಮದೊಳಗೆ ಇಟ್ಟು ಹೊಲಿದರು. ಅವನಿಗೆ ರೋಗ ಬಂತು. ಆದರೆ ಅವನ ನೆಂಟರಲ್ಲಿಯೂ ರೋಗಿಗಳಿದ್ದುದರಿಂದ ಪ್ರಯೋಗ ಏನನ್ನೂ ಸಿದ್ಧಪಡಿಸಲಿಲ್ಲ. ಕಿಯಾನು 1892ರಲ್ಲಿ ಮೊಲೊಕಾಯ್‌ನಲ್ಲಿ ಸತ್ತ. ಕೊರಳಿಗೆ ನೇಣು ಕಾದಿರುವವನು ಕೊಡುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನಾವು ತಿಳಿಯುತ್ತೇವೆ. ಬೇಡವೆನ್ನುವ ಹಕ್ಕು ರೋಗಿಗೆ ಇರಬೇಕು ಎಂದು ಸಿರಾಕ್ಯೂಸ್‌ನಲ್ಲಿ ಷರತ್ತು ಹಾಕಿದ್ದ ಮಹಿಳೆ ಅದೇ ಊರಿನಲ್ಲಿ, ಅದೇ ವರ್ಷ, ಅದೇ ರೋಗದವರ ಹುಣ್ಣು ತೊಳೆಯುತ್ತಿದ್ದರು.

ಫಾದರ್ ಡೇಮಿಯನ್ ಮತ್ತು ಮದರ್ ಮರಿಯಾನ್ ಮೊದಲು ಭೇಟಿಯಾದದ್ದು 1884ರ ಜನವರಿಯಲ್ಲಿ, ಕಾಕಾಕೊ ಪ್ರಾರ್ಥನಾಲಯದ ಆಶೀರ್ವಾದದ ಸಂದರ್ಭದಲ್ಲಿ. ಆಗ ಅವರು ಗಟ್ಟಿಮುಟ್ಟಾಗಿದ್ದರು. 1886ರಲ್ಲಿ ರೋಗಿಯಾಗಿ ಚಿಕಿತ್ಸೆಗೆಂದು ಹೊನೊಲುಲುಗೆ ಬಂದಾಗ ಅನೇಕರು ಹಿಂಜರಿದರು. ಕಾಕಾಕೊದಲ್ಲಿ ಬಾಗಿಲು ತೆರೆದು ಆರೈಕೆ ಮಾಡಿದವರು ಮರಿಯಾನ್.

1887ರಲ್ಲಿ ರಾಜಕೀಯ ಬದಲಾಯಿತು. ಹೊಸ ಸರಕಾರ ಗಡೀಪಾರನ್ನು ಬಿಗಿಗೊಳಿಸಿತು, ಕಾಕಾಕೊವನ್ನು ಮುಚ್ಚುವ ಮಾತು ಬಂತು. ಮೊಲೊಕಾಯ್‌ನಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇರಲಿಲ್ಲ. ಅವರಿಗೆ ಮನೆಯೊಂದನ್ನು ನಡೆಸಲು ಸರಕಾರ ಮದರ್ ಅವರನ್ನು ಕೇಳಿಕೊಂಡಿತು. 1888ರ ನವೆಂಬರ್ ತಿಂಗಳಲ್ಲಿ ಸಿಸ್ಟರ್ ಲಿಯೊಪೊಲ್ಡಿನಾ ಮತ್ತು ಸಿಸ್ಟರ್ ವಿನ್ಸೆಂಶಿಯಾ ಅವರೊಂದಿಗೆ ಮದರ್ ಕಲಾವುಪಾಪಕ್ಕೆ ಬಂದಿಳಿದರು. ಮೂರು ಕಡೆ ಕಡಲು, ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಬೆಟ್ಟ. ಚಾರ್ಲ್ಸ್ ಬಿಷಪ್ ಎಂಬ ಶ್ರೀಮಂತರ ಹಣದಿಂದ ಕಟ್ಟಿದ ಬಿಷಪ್ ಹೋಮ್ ಅವರ ಮನೆಯಾಯಿತು. ಐದು ತಿಂಗಳಲ್ಲಿ, 1889ರ ಏಪ್ರಿಲ್ 15ರಂದು, ಡೇಮಿಯನ್ ತೀರಿಕೊಂಡರು. ಅವರ ಗಂಡುಮಕ್ಕಳ ಮನೆಯ ಹೊಣೆಯೂ ಭಗಿನಿಯರ ಮೇಲೆ ಬಂತು. ಬ್ರದರ್ ಜೋಸೆಫ್ ಡಟ್ಟನ್ ಅವರ ಜೊತೆಗಿದ್ದರು. 1895ರಲ್ಲಿ ಗುರುಸಭೆಯ ಬ್ರದರ್‌ಗಳು ಬಂದು ಅದನ್ನು ವಹಿಸಿಕೊಂಡರು.

ಕಲಾವುಪಾಪದ ಮಣ್ಣು ಬರಡು, ಗಾಳಿ ಜೋರು. ಮದರ್ ಅಲ್ಲಿ ಹಣ್ಣಿನ ಗಿಡ, ಹೂವಿನ ಗಿಡ, ನೆರಳಿನ ಮರಗಳನ್ನು ನೆಡಿಸಿದರು. ಹುಡುಗಿಯರಿಗೆ ಹೊಲಿಗೆ ಕಲಿಸಿದರು. ರೋಗಿಗಳಿಗೆ ಯಾವುದಾದರೊಂದು ಬಟ್ಟೆ ಸಾಕು ಎಂಬುದು ಸರಕಾರದ ಲೆಕ್ಕ. ಬಣ್ಣಬಣ್ಣದ ಒಳ್ಳೆಯ ಬಟ್ಟೆ ತರಿಸಿ, ಅಂದವಾದ ಉಡುಪು ಹೊಲಿದು ತೊಡಿಸುವುದು ಮದರ್ ಅವರ ಲೆಕ್ಕ. ಮುಖದ ಮೇಲೆ ಗಂಟುಗಳೆದ್ದ ಹದಿನಾರರ ಹುಡುಗಿಗೂ ಹಬ್ಬಕ್ಕೆ ಹೊಸ ಉಡುಪು ಬೇಕೆನಿಸುತ್ತದೆ ಎಂಬುದನ್ನು ಬಟ್ಟೆ ಗಿರಣಿಯಲ್ಲಿ ಹರೆಯ ಕಳೆದ ಹೆಣ್ಣಿಗೆ ಹೇಳಿಕೊಡಬೇಕಾಗಿರಲಿಲ್ಲ. 1889ರಲ್ಲಿ ಭೇಟಿ ಕೊಟ್ಟ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಹುಡುಗಿಯರೊಂದಿಗೆ ಆಟವಾಡಿ, ಊರಿಗೆ ಮರಳಿದ ಮೇಲೆ ಅವರಿಗಾಗಿ ಒಂದು ಪಿಯಾನೊ ಕಳುಹಿಸಿದರು.

ಔಷಧ ಎಂದು ಹೇಳಬಹುದಾದದ್ದು ಆಗ ಚೌಲ್‌ಮೂಗ್ರ ಎಣ್ಣೆ ಒಂದೇ. ನಮ್ಮ ಘಟ್ಟದ ಕಾಡುಗಳ ಗರುಡಫಲವೂ ಅದೇ ಜಾತಿಯ ಮರ. ಕುಡಿದರೆ ವಾಂತಿ, ಚುಚ್ಚಿದರೆ ಗಂಟು. ಅದನ್ನು ಚುಚ್ಚಲು ಬರುವಂತೆ ಹದಗೊಳಿಸಿದ್ದು ಹೊನೊಲುಲು ಕಾಲೇಜಿನ ಆಲಿಸ್ ಬಾಲ್ ಎಂಬ ಕಪ್ಪು ಜನಾಂಗದ ಯುವತಿ, 1915-16ರ ಸುಮಾರಿಗೆ. ಆಗ ಮದರ್ ಮುದುಕಿಯಾಗಿದ್ದರು. ನಿಜವಾಗಿ ರೋಗ ಗುಣಪಡಿಸುವ ಔಷಧ ಬಂದದ್ದು 1940ರ ದಶಕದಲ್ಲಿ. ಅಂದರೆ ಈ ತಾಯಿ 35 ವರ್ಷ ಕಾಲ ಒಬ್ಬರನ್ನೂ ಗುಣಪಡಿಸಲಾಗದು ಎಂದು ತಿಳಿದೇ ಪ್ರತಿ ಬೆಳಿಗ್ಗೆ ಪಟ್ಟಿ ಬಿಚ್ಚಿ ಹೊಸ ಪಟ್ಟಿ ಕಟ್ಟಿದರು.

ಒಂದು ವಿಷಯದಲ್ಲಿ ಅವರು ಡೇಮಿಯನ್ ಅವರಿಗಿಂತ ಬೇರೆ. ಡೇಮಿಯನ್ ರೋಗಿಗಳ ಪಾತ್ರೆಯಲ್ಲೇ ಉಣ್ಣುತ್ತಿದ್ದರು, ತಮ್ಮ ಸೇದುವ ಪೈಪನ್ನು ಅವರೊಂದಿಗೆ ಹಂಚಿಕೊಳ್ಳುತ್ತಿದ್ದರು. ಮರಿಯಾನ್ ಭಗಿನಿಯರಿಗೆ ಶಿಸ್ತು ಹಾಕಿದ್ದರು. ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು, ಊಟ ಬೇರೆ. ತಮ್ಮ ಭಗಿನಿಯರಲ್ಲಿ ಯಾರಿಗೂ ಈ ರೋಗ ತಗಲದು ಎಂದು ಅವರು ಭರವಸೆ ಕೊಟ್ಟಿದ್ದರು, ಯಾರಿಗೂ ತಗಲಲಿಲ್ಲ. ಇದನ್ನು ಪವಾಡ ಎನ್ನುವವರಿದ್ದಾರೆ. ನೂರರಲ್ಲಿ 95 ಮಂದಿಗೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಎಂದು ಇಂದು ತಿಳಿದಿದೆ. ಬರೀ ಮುಟ್ಟಿದರೆ ಅದು ಹರಡುವುದಿಲ್ಲ, ಔಷಧ ಪಡೆಯದ ರೋಗಿಯೊಂದಿಗೆ ಬಹುಕಾಲ ಹತ್ತಿರವಿದ್ದಾಗ ಮೂಗಿನ, ಬಾಯಿಯ ಹನಿಗಳಿಂದ ಹರಡುತ್ತದೆ. ಹಾಗಾದರೆ ಕೈ ತೊಳೆದದ್ದು ದಂಡವೇ? ಖಂಡಿತ ಅಲ್ಲ. ಒಬ್ಬನ ಹುಣ್ಣಿನ ಕೀವು ಇನ್ನೊಬ್ಬನ ಹುಣ್ಣಿಗೆ ಹೋಗದಂತೆ ತಡೆದದ್ದು ಆ ಕೈತೊಳೆತವೇ. ಕಜ್ಜಿಯಿಂದ ಹಿಡಿದು ಕೀವುಗುಳ್ಳೆಯವರೆಗೆ ಚರ್ಮರೋಗದ ಯಾವ ವಾರ್ಡಿನಲ್ಲಿಯೂ ಇಂದಿಗೂ ಮೊದಲ ಪಾಠ ಅದೇ. ಎಚ್ಚರಿಕೆ ಇದ್ದರೆ ಪ್ರೀತಿ ಕಡಿಮೆ ಎಂದು ನಮ್ಮಲ್ಲಿ ಕೆಲವರು ಭಾವಿಸುತ್ತಾರೆ. ಕೈಗವಸು ಹಾಕಿಕೊಂಡು ಬಂದ ನರ್ಸ್ ಬಗ್ಗೆ ಮನೆಯವರು ಬೇಸರಿಸುವುದನ್ನು ನಾವೇ ಕಂಡಿದ್ದೇವೆ. ಆದರೆ ಡೇಮಿಯನ್ 49ನೇ ವಯಸ್ಸಿನಲ್ಲಿ ರೋಗಕ್ಕೆ ಬಲಿಯಾದರು. ಮರಿಯಾನ್ 80 ವರ್ಷ ಬದುಕಿ, ಅದರಲ್ಲಿ 35 ವರ್ಷ ರೋಗಿಗಳ ಕೈಗೆ ಸಿಕ್ಕಿದರು. ಇಬ್ಬರನ್ನೂ ಧರ್ಮಸಭೆ ಸಂತರೆಂದು ಕರೆದಿದೆ.

ಅವರು ಕೆಲಸ ಮಾಡಿದ್ದು ಒಂದು ಕ್ರೂರ ಕಾಯ್ದೆಯ ನೆರಳಿನಲ್ಲಿ ಎಂಬುದನ್ನು ಮರೆಮಾಚಬಾರದು. ಗಡೀಪಾರನ್ನು ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ಹವಾಯಿಯಲ್ಲಿ ಅದು ಮುಗಿದದ್ದು 1969ರಲ್ಲಿ. ನಾವೂ ಬೀಗಬೇಕಿಲ್ಲ. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯಲ್ಲಿ ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿತ್ತು, ಸಂಸತ್ತು ಅದನ್ನು ತೆಗೆದುಹಾಕಿದ್ದು 2019ರಲ್ಲಿ.

ಮಂಗಳೂರಿನವರಿಗೆ ಇದೆಲ್ಲ ದೂರದ ಕಥೆಯಲ್ಲ. ಮರಿಯಾನ್ ಅವರಿಗಿಂತ ಮೂರು ವರ್ಷ ಕಿರಿಯರಾದ, ಅವರಂತೆಯೇ ಜರ್ಮನಿಯಲ್ಲಿ ಹುಟ್ಟಿದ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ 1880ರಲ್ಲಿ ಬಡವರ ಔಷಧಾಲಯವನ್ನೂ 1890ರಲ್ಲಿ ಸಂತ ಜೋಸೆಫರ ಕುಷ್ಠರೋಗ ಆಸ್ಪತ್ರೆಯನ್ನೂ ಆರಂಭಿಸಿದರು. ಕಲಾವುಪಾಪದಲ್ಲಿ ಬಿಷಪ್ ಹೋಮ್ ತೆರೆದು ಆಗ ಎರಡು ವರ್ಷವಾಗಿತ್ತು.

ಮದರ್ ಮರಿಯಾನ್ 1918ರ ಆಗಸ್ಟ್ 9ರಂದು ಕಲಾವುಪಾಪದಲ್ಲಿ ಕಣ್ಣು ಮುಚ್ಚಿದರು. ಕೊನೆಯ ದಿನಗಳಲ್ಲಿ ಮೂತ್ರಪಿಂಡ ಮತ್ತು ಹೃದಯದ ತೊಂದರೆಯಿತ್ತು, ಕುಷ್ಠದ ಒಂದು ಮಚ್ಚೆಯೂ ಇರಲಿಲ್ಲ. ಬಿಷಪ್ ಹೋಮ್ ಆವರಣದಲ್ಲೇ, ಅವರೇ ಗಿಡ ನೆಡಿಸಿದ ನೆಲದಲ್ಲಿ, ಸಮಾಧಿ ಮಾಡಿದರು. 2005ರಲ್ಲಿ ಅವರ ಅವಶೇಷಗಳನ್ನು ಸಿರಾಕ್ಯೂಸ್‌ಗೆ ಒಯ್ದರು, ಅದೇ ವರ್ಷ ಮೇ 14ರಂದು ಧನ್ಯರೆಂಬ ಘೋಷಣೆಯಾಯಿತು. 2012ರ ಅಕ್ಟೋಬರ್ 21ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟ್ ಅವರು ಮರಿಯಾನ್ ಅವರನ್ನು ಸಂತರ ಸಾಲಿಗೆ ಸೇರಿಸಿದರು. 2014ರಲ್ಲಿ ಅವಶೇಷಗಳು ಮತ್ತೆ ಹವಾಯಿಗೆ ಬಂದವು. ಹೊನೊಲುಲು ನಗರದ ಶಾಂತಿಮಾತೆಯ ಪ್ರಧಾನಾಲಯದಲ್ಲಿ ಅವುಗಳನ್ನು ಇರಿಸಲಾಯಿತು. 1864ರಲ್ಲಿ ಫಾದರ್ ಡೇಮಿಯನ್ ಗುರುದೀಕ್ಷೆ ಪಡೆದದ್ದು ಅದೇ ಪ್ರಧಾನಾಲಯದಲ್ಲಿ.